ಕುರ್ಟಪ್ಪನ ಆಟ, ಚಿಕ್ಕಪ್ಪನ ಕಾಲು

ಬಿಸಿ ತೌಡಿನ ವಾಸನೆ ಮೂಗಿಗೆ ಬಡಿದರೆ ನಾನು ಈಗಲೂ ಎದ್ದು ಕಿಟಕಿ ಮುಚ್ಚುತ್ತೇನೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಶಿಕಾರಿಪುರದ ನಮ್ಮ ಮನೆಯ ಹಿಂದೆಯೇ ಅಕ್ಕಿ ಗಿರಣಿ ಎದ್ದಿತ್ತು. ಯಂತ್ರ ಕೂರಿಸಲು ಜರ್ಮನಿಯಿಂದ ಬಂದ ಕುರ್ಟ್ ಎಂಬ ಫಿಟ್ಟರನಿಗೆ ಬೇರೆಲ್ಲೂ ಬಿಡಾರ ಸಿಗದೆ, ಗಿರಣಿಯ ಗುಮಾಸ್ತನಾಗಿದ್ದ ಅಪ್ಪ ನಮ್ಮ ಪಡಸಾಲೆಯ ಪಕ್ಕದ ಕೋಣೆ ಬಿಟ್ಟುಕೊಟ್ಟ. ಊರು ಅವನನ್ನು ಕುರ್ಟಪ್ಪ ಮಾಡಿಕೊಂಡಿತು. ನಮ್ಮದು ಲಿಂಗ ಕಟ್ಟಿದವರ ಮನೆ. ಅವನ ಮೊಟ್ಟೆಬುಟ್ಟಿಗೆ ಅಜ್ಜಿ ಕೊಟ್ಟಿಗೆಯ ಮೂಲೆ ತೋರಿಸಿದಳು, ಬೇಯಿಸಿಕೊಳ್ಳುವುದೂ ಅಲ್ಲೇ. ಅವನು ಎಮ್ಮೆಯ ಪಕ್ಕ ಕೂತು ತಿನ್ನುತ್ತಿದ್ದ.

ಅಪ್ಪನ ತಮ್ಮ ರುದ್ರೇಶಿ ಚಿಕ್ಕಪ್ಪ ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ಚಿಕ್ಕಪ್ಪನ ಹೈಸ್ಕೂಲಿನ ಇಂಗ್ಲಿಷಿನಿಂದಲೇ ಕುರ್ಟಪ್ಪನ ಕಥೆ ನಮಗೆ ತಿಳಿದದ್ದು. ಗಣಿ ಕೆಲಸದವನ ಮಗ. ಯುದ್ಧಕ್ಕೆ ಹೋಗಿ ಜೀವ ಉಳಿಸಿಕೊಂಡು ಬಂದವನನ್ನು ಅವನೂರಿನ ಫುಟ್‌ಬಾಲ್ ತಂಡ ಸಂಬಳ ಕೊಟ್ಟು ಇಟ್ಟುಕೊಂಡಿತ್ತಂತೆ. ಕೆಲವು ವರ್ಷ ಊರಿಗೆ ಊರೇ ಅವನ ಹೆಸರು ಹಿಡಿದು ಕೂಗಿತಂತೆ. ಆಮೇಲೆ ಮೊಣಕಾಲು ಮುರಿಯಿತು, ಅವನ ಜಾಗಕ್ಕೆ ಬೇರೊಬ್ಬ ಬಂದ. ಬತ್ತಿ ಹೊಸೆಯುತ್ತಿದ್ದ ಅಜ್ಜಿ, "ಚೆಂಡು ಒದಿಯಾಕೂ ಪಗಾರ ಕೊಡ್ತಾರೇನೋ? ನಮ್ ಎಮ್ಮೀಗೂ ಕೊಡ್ಸು, ದಿನಾ ಒದೀತದೆ," ಎಂದಳು. ಕುರ್ಟಪ್ಪ ಅರ್ಥವಾಗದೆಯೂ ನಕ್ಕ. ಚಿಕ್ಕಪ್ಪ ನಗಲಿಲ್ಲ. ಆಟ ಬಲ್ಲವರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆಂದು ಅವನು ಕೇಳಿದ್ದ. ಕೊಯ್ಲಾದ ಗದ್ದೆಯ ಕೂಳೆಯ ಮೇಲೆ ಸಂಜೆಸಂಜೆಗೂ ಕುಂಟುವ ಗುರು, ಬರಿಗಾಲಿನ ಶಿಷ್ಯ, ಇಬ್ಬರಿಗೂ ಹುಚ್ಚು. ತನ್ನ ಕಾಲನ್ನೇ ನಂಬಿ ಚಿಕ್ಕಪ್ಪ ನಾಳೆಯ ಬದುಕನ್ನೆಲ್ಲ ಕಟ್ಟಿಕೊಂಡಿದ್ದ.

ಸೊರಬದಲ್ಲಿ ಆಡಲು ಹೋದವನನ್ನು ಲಾರಿಯಲ್ಲಿ ಮಲಗಿಸಿಕೊಂಡು ಬಂದರು. ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಅಜ್ಜಿ ಎಲುಬು ಕಟ್ಟುವ ಮುದುಕನನ್ನು ಕರೆಸಿದಳು. ಹಿಂದೊಮ್ಮೆ ಅಜ್ಜನ ಕೈ ಕೂಡಿಸಿದವನು ಅವನೇ. ಉದ್ದಿನಹಿಟ್ಟಿಗೆ ಕಲಸಲು ಅವನು ಮೊಟ್ಟೆ ಕೇಳಿದ. ಅಜ್ಜಿ ತಾನೇ ಕೊಟ್ಟಿಗೆಗೆ ಹೋಗಿ ಕುರ್ಟಪ್ಪನ ಬುಟ್ಟಿ ಎತ್ತಿಕೊಂಡು ಬಂದಳು. ಬಿದಿರ ಸೀಳು ಇಟ್ಟು ಬಿಗಿದ ಮುದುಕ, "ಬರೋ ಸಂತೆತನ್ಕ ಬಿಚ್ಚಂಗಿಲ್ರೀ," ಎಂದು ಹೇಳಿ ಹೋದ. ಮರುದಿನವೇ ಚಿಕ್ಕಪ್ಪನ ಕಾಲ್ಬೆರಳುಗಳು ಊದಿ ನೀಲಿಗಟ್ಟಿದವು. ಕುರ್ಟಪ್ಪ ಚಾಕು ತಂದು, ಕಟ್ಟು ಕೊಯ್ಯಬೇಕೆಂದು ಕೈಸನ್ನೆ ಮಾಡಿದ. ಅಜ್ಜಿ ಅಡ್ಡ ನಿಂತಳು. "ಮುಟ್ಟಬ್ಯಾಡ ಅನ್ನು ಆ ಯಪ್ಪಂಗೆ. ಕಟ್ಟು ಬಿಚ್ಚಿದ್ರೆ ಹುಡುಗ ಹೆಳವ ಆಗ್ತಾನೆ." ಅಪ್ಪ ತಾಯಿಯ ಮಾತು ಮೀರದೆ ತಲೆ ತಗ್ಗಿಸಿದ. ಸಂತೆಯ ದಿನ ಕಟ್ಟು ಬಿಚ್ಚಿದಾಗ ಕಾಲು ಕಪ್ಪಾಗಿ ಕೊಳೆತಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ನಂಜು ಮಾತ್ರ ಇಳಿಯಲಿಲ್ಲ, ಚಿಕ್ಕಪ್ಪ ಉಳಿಯಲಿಲ್ಲ.

ಆ ಮನೆ, ಗಿರಣಿ, ಅಪ್ಪ, ಅಜ್ಜಿ, ಈಗ ಯಾವುದೂ ಇಲ್ಲ. ಇಂಥ ಮನೆ ಕಳೆದುಕೊಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗುಣಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಆವತ್ತು ಒಂಟಿ ಕಾಲಿನ ಚಿಕ್ಕಪ್ಪ ಕೂರಲಿಲ್ಲ. ಎತ್ತಿ ಕೂರಿಸಿದಷ್ಟೂ ಪಕ್ಕಕ್ಕೆ ವಾಲುತ್ತಿದ್ದ. ದೂರ ನಿಂತಿದ್ದ ಕುರ್ಟಪ್ಪ ಬೂಟು ಕಳಚಿ ಗುಣಿಯ ಹತ್ತಿರ ಬಂದ. "ಬ್ಯಾರೆಯೋರು ಇಳಿಯಂಗಿಲ್ರೀ," ಎಂದರು ಮಣ್ಣಿನ ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು. ಅಜ್ಜಿ ನೆಲ ನೋಡುತ್ತಲೇ, "ಇಳೀಲಿ ಬಿಡ್ರೀ ಅಯ್ಯನೋರೆ. ಇವತ್ತಾದ್ರೂ ಮುಟ್ಲಿ," ಎಂದಳು. ಅವನು ಇಳಿದು, ಚಿಕ್ಕಪ್ಪನನ್ನು ಬೆನ್ನ ಹಿಂದಿನಿಂದ ತಬ್ಬಿ ನೆಟ್ಟಗೆ ಕೂರಿಸಿ ಹಿಡಿದ. ಮಣ್ಣು ಚಿಕ್ಕಪ್ಪನ ಎದೆಮಟ್ಟಕ್ಕೆ ಬಂದು, ಅವನು ತಾನಾಗಿ ಕೂರುವ ತನಕ ಕುರ್ಟಪ್ಪ ಹಿಡಿದ ಕೈ ಬಿಡಲಿಲ್ಲ. ಆಮೇಲೆ ಮೇಲೆ ಹತ್ತಲು ಅವನಿಗೆ ಕೈ ನೀಡಿದವಳು ಅಜ್ಜಿ.