ನಯೀಮ್ ಕಚ್ಚಿಟ್ಟು ಹೋದ ರೊಟ್ಟಿ

ಬುಖಾರಾದ ರೇಷ್ಮೆ ವ್ಯಾಪಾರಿಯ ಆ ಹಳೇ ಮನೆ ಊರಿನ ಕಲಾಮನೆಯಾಯಿತೆಂದು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹೊಗಳಲಿ, ಬೇಡವೆಂದವರು ಯಾರು? ಏಳು ಸಂಸಾರಗಳು ಅದನ್ನು ಹಂಚಿಕೊಂಡಿದ್ದ ಕಾಲದಿಂದಲೂ ಒಂದು ಕೋಣೆಯಲ್ಲಿದ್ದ ಸನೋಬರ್‌ಳನ್ನು ಮಾತ್ರ ಎಬ್ಬಿಸಲಿಲ್ಲ. ಅಂಗಳ ಗುಡಿಸುವ, ಬಂದವರಿಗೆ ಚಹಾ ಕೊಡುವ ಕೆಲಸ ಕೊಟ್ಟು ಉಳಿಸಿಕೊಂಡರು.

ಅವಳ ಗೋಡೆಯ ಮೊಳೆಗೆ ಒಂದು ರೊಟ್ಟಿ ನೇತಾಡುತ್ತಿತ್ತು. ತಾಯಿಯಿಲ್ಲದ ತಮ್ಮ ನಯೀಮನನ್ನು ಸಾಕಿದವಳು ಅವಳೇ. ೧೯೮೩ರಲ್ಲಿ ಸೋವಿಯತ್ ಸೈನ್ಯದವರು ಅವನನ್ನು ಅಫ್ಘನ್ ಯುದ್ಧಕ್ಕೆ ಕರೆದೊಯ್ಯುವಾಗ, ಎಲ್ಲ ಮನೆಗಳಲ್ಲೂ ಮಾಡುವಂತೆ, ಬಿಸಿ ರೊಟ್ಟಿಯನ್ನು ಬಾಯಿಗೆ ಹಿಡಿದಳು. ಅವನು ಒಂದು ತುತ್ತು ಕಚ್ಚಿದ. ಉಳಿದದ್ದನ್ನು ತಿನ್ನಲು ಅವನೇ ಮರಳಬೇಕು, ಅಲ್ಲಿಯವರೆಗೆ ಇಳಿಸುವಂತಿಲ್ಲ. ಸತ್ತನೆಂಬ ಕಾಗದ ಬರಲಿಲ್ಲ, ಹೆಣವೂ ಬರಲಿಲ್ಲ. ಅಂದಮೇಲೆ ಹೇಗೆ ಇಳಿಸುವುದು? ಮೂವತ್ತಾರು ವರ್ಷ ಇಳಿಸಲಿಲ್ಲ. ಹೆಣ್ಣು ಕೇಳಲು ಬಂದವರಿಗೂ "ತಮ್ಮ ಬರ್ಲಿ, ಆಮೇಲೆ" ಎಂದಳು. ಪಾಪ, ಅವರಾದರೂ ಎಷ್ಟು ದಿನ ಕಾದಾರು?

ಕೋಣೆಗೆ ಗಾರೆ ಮಾಡಿಸಬೇಕೆಂದು ಅವಳನ್ನು ಹದಿನೈದು ದಿನ ನೆಂಟರ ಮನೆಗೆ ಕಳಿಸಿದರು. "ಆ ಮೊಳೆ ಒಂದು ಮುಟ್ಬೇಡ್ರಪ್ಪಾ" ಎಂದು ನೂರು ಸಲ ಹೇಳಿ ಹೋದಳು. ಮರಳಿ ಬಂದಾಗ ಗೋಡೆ ಬೆಳ್ಳಗಿತ್ತು. ಮೊಳೆಯಲ್ಲಿ ರೊಟ್ಟಿಯೂ ಇತ್ತು. ಘಮಘಮಿಸುವ ಹೊಸ ರೊಟ್ಟಿ, ಕಚ್ಚಿದ ಗುರುತಿನ ಸಮೇತ.

"ಹಳೇದು ಕೈಗೆ ತಗೊಂಡ್ರೆ ಪುಡಿಪುಡಿ ಆಗೋಯ್ತು ಸನೋಬರಕ್ಕ" ಎಂದಳು ಕಲಾಮನೆ ನಡೆಸುವ ಮುಹಯ್ಯೋ. "ರೊಟ್ಟಿ ಅಲ್ವಾ, ಕಸಕ್ಕೆ ಹಾಕೋಕಾಗುತ್ತಾ? ಗಾರೆಯವ್ರು ಕೈ ತೊಳ್ಕೊಂಡು, ಬಿಸ್ಮಿಲ್ಲಾ ಅಂದು ಗುಬ್ಬಿಗಳಿಗೆ ಹಾಕಿದ್ರು. ಮೊಳೆ ಖಾಲಿ ಕಾಣ್ಬಾರ್ದು ಅಂತ ಕೋಮಿಲ್ ಕೈಲಿ ಇದನ್ನ ಕಚ್ಚಿಸ್ದೆ. ಥೇಟ್ ಹಂಗೇ ಇದೆ, ನೋಡಿ!"

ಯಾರನ್ನು ಬೈಯುವುದು? ತಾನಿದ್ದರೂ ಗುಬ್ಬಿಗಳಿಗೇ ಹಾಕುತ್ತಿದ್ದಳು. ಬಾಯಿಂದ "ಸರಿ ಕಣಮ್ಮಾ" ಎಂದಷ್ಟೇ ಬಂತು.

ಕೋಮಿಲ್ ಕಲಾಮನೆಗೆ ಬರುವ ಮಕ್ಕಳಿಗೆ ತಮಟೆ ಕಲಿಸುವವನು. ಅಂಗಳದಲ್ಲಿ ತಮಟೆಯನ್ನು ಬಿಸಿಲಿಗೆ ಕಾಯಿಸುತ್ತಿದ್ದ. ಸನೋಬರ್ ರೊಟ್ಟಿ ಇಳಿಸಿಕೊಂಡು ಸೀದಾ ಅವನೆದುರು ನಿಂತಳು.

"ತಿನ್ನು."

"ಅಯ್ಯೋ ಅಕ್ಕಾ, ಈಗ್ತಾನೆ ಪಲಾವ್ ಬಾರ್ಸಿದೀನಿ. ಹೊಟ್ಟೇಲಿ ಜಾಗ ಎಲ್ಲಿದೆ!"

"ಮನೇಲಿ ನಿಂಗೆ ಕಾಯೋರು ಇದಾರೋ ಇಲ್ವೋ?"

"ಅಮ್ಮ ಇದಾಳೆ."

"ಹಂಗಿದ್ರೆ ತಿನ್ನಪ್ಪಾ. ಒಂದು ಚೂರೂ ಬಿಡ್ಬೇಡ. ನಿಮ್ಮಮ್ಮನ ಪಾಲಿಗೆ ಈ ಕಾಯೋದು ಬೇಡ."

ಅವನ ನಗು ಅಡಗಿತು. ಚಹಾದಲ್ಲಿ ಅದ್ದಿ ಅದ್ದಿ ತಿಂದ. ಕೊನೆಯ ಚೂರು ಗಂಟಲಿಗಿಳಿಯುವವರೆಗೂ ಅವಳು ಕದಲಲಿಲ್ಲ.

ಆಮೇಲೆ ಹಿಂದೆಯೇ ಬಂದು ನಿಂತಿದ್ದ ಮುಹಯ್ಯೋಳ ಕಡೆ ತಿರುಗಿದಳು. "ನಮ್ಮ ನಯೀಮಂದು... ಗುಬ್ಬಿಗಳು ಪೂರ್ತಿ ತಿಂದ್ವಾ?"

"ಪೂರ್ತಿ ಅಕ್ಕಾ."

ಬದುಕಿರುವವರ ಹೆಸರು ಹಿಡಿದು ಅಳಬಾರದೆಂದು ಮೂವತ್ತಾರು ವರ್ಷ ತಡೆದುಕೊಂಡವಳು, ಕಲಿಯಲು ಬಂದ ಮಕ್ಕಳೆದುರೇ ನೆಲಕ್ಕೆ ಕುಸಿದು, "ನಯೀಮಾ" ಎಂದು ಗಟ್ಟಿಯಾಗಿ ಅತ್ತಳು.