ಜೋಗಿಮಟ್ಟಿಯ ಜೇನುಬುಟ್ಟಿ

ಚಿತ್ರದುರ್ಗದ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ಕಾಡುಜನರ ವಸ್ತುಗಳಿಗೆಂದೇ ಒಂದು ಕೋಣೆಯಿದೆ. ಅಂದು ಬೆಳಿಗ್ಗೆ ಅಲ್ಲಿ ನಾನು, ಕಾವಲುಗಾರ, ಮತ್ತು ಕೆಂಚಮ್ಮ ಎಂಬ ಮುದುಕಿ, ಮೂವರೇ. ಆದಿವಾಲದ ಹೊಲಗಳಲ್ಲಿ ಕೂಲಿ ಮಾಡುವ ಆಕೆ ಒಂದು ಗಾಜಿನ ಪೆಟ್ಟಿಗೆಯ ಮುಂದೆಯೇ ನಿಂತುಬಿಟ್ಟಿದ್ದಳು. ಒಳಗೆ ಬಿದಿರಿನ ಜೇನುಬುಟ್ಟಿಯಿತ್ತು.

"ಇದು ನಮ್ಮನೇದು ಕಣಪ್ಪ," ಎಂದಳು ನನಗೆ. "ನಮ್ಮ ಯಜಮಾನ್ರು ಹೆಣೆದಿದ್ದು. ಅಂಚಿಗೆ ಸುತ್ತಿರೋ ಕೆಂಪು ಬಟ್ಟೆ ನನ್ನ ಸೀರೇದು. ಜೋಗಿಮಟ್ಟಿ ಕಾಡಿಂದ ನಮ್ಮನ್ನ ಒಕ್ಕಲೆಬ್ಬಿಸಿದಾಗ ಗುಡ್ಲಾಗೇ ಉಳ್ಕಂತು."

ಕಾವಲುಗಾರ ಟ್ರಾನ್ಸಿಸ್ಟರಿನ ಸದ್ದು ತಗ್ಗಿಸಿ ಹತ್ತಿರ ಬಂದ. "ಹಂಗಾರೆ ನಿನಗೆ ಹೆಣೆಯಾಕೆ ಬರ್ತೈತಾ? ತಳ ಬಿಚ್ಕಂಡೈತೆ. ಇಲ್ಲಿ ಯಾರಿಗೂ ಗೊತ್ತಿಲ್ಲ." ಬೀಗ ತೆಗೆದು ಬುಟ್ಟಿ ಕೊಟ್ಟ. ಆಕೆ ನೆಲದ ಮೇಲೆ ಕುಳಿತು, ಬಿಚ್ಚಿದ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ, ತಳ ಬಿಗಿಮಾಡಿದಳು. ಆಮೇಲೆ, ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯಲ್ಲಿ ಏನು ಬರೆದಿದೆ ಎಂದು ನನ್ನನ್ನು ಕೇಳಿದಳು.

ಓದಿದೆ: "ಹೆಣೆದವರು ಯಾರೆಂದು ತಿಳಿದಿಲ್ಲ."

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದು ನಮ್ಮ ಕಡೆ ಪದ್ಧತಿಯಲ್ಲ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದು ಕಾವಲುಗಾರನಿಗೆ ಹೇಳಿದಳು:

"ಮಾರಪ್ಪ. ಬರ್ಕಳ್ರಿ ಸ್ವಾಮಿ."

"ಹಂಗೆಲ್ಲ ತಿದ್ದಂಗಿಲ್ಲಜ್ಜಿ," ಎಂದ ಕಾವಲುಗಾರ. "ಚೀಟಿ ಮೇಲಿನ ಆಫೀಸಿಂದ ಬರ್ತೈತೆ." ಬುಟ್ಟಿಯನ್ನು ಇಸಿದುಕೊಂಡು ಒಳಗಿಟ್ಟು ಬೀಗ ಹಾಕಿದ.

ಹೆಸರು ಹೇಳಿದ ನಾಚಿಕೆಗೆ ಆಕೆ ತಲೆ ತಗ್ಗಿಸಿದಳು. ನಾನೂ ಆಕೆಯ ಪರವಾಗಿ ಒಂದು ಮಾತು ಆಡಬಹುದಿತ್ತು. ಹೊಸದುರ್ಗದ ಬಸ್ಸಿಗೆ ಹೊತ್ತಾಯಿತೆಂದು ಹೊರಗೆ ಬಂದೆ.