ಖಾತೂನ್‌ಬೀ ಬೈಯುವ ರೀತಿ

೧೯೯೪ರಲ್ಲಿ ಲಿಂಗಸುಗೂರಿನ ಒಂದು ಸಂಸ್ಥೆ ಮಸ್ಕಿಯಲ್ಲಿ ಬಾಲವಾಡಿ ತೆರೆಯಲು ಹೊರಟಿತು. ವಯಸ್ಸಿಗೆ ಮೀರಿದ ಚುರುಕಿನ ಮಕ್ಕಳನ್ನು ನಾಲ್ಕು ವರ್ಷಕ್ಕೇ ಆರಿಸಿ, ಅವರ ಓಟಕ್ಕೆ ತಕ್ಕಂತೆ ಕಲಿಸುವ ಉದ್ದೇಶ. ಮನೆಮನೆಗೆ ಹೋಗಿ ಅಂಥ ಜಾಣರನ್ನು ಗುರುತಿಸಲು ದಿನಗೂಲಿಗೆ ಸಿಕ್ಕವನು ನಾನು, ಪಿಯುಸಿಯನ್ನು ಕಂತಿನಲ್ಲಿ ಪಾಸು ಮಾಡಿದ ತಿಪ್ಪಣ್ಣ. ಚೀಲದಲ್ಲಿ ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು. ಮಗು ಸರಿಯಾಗಿ ಮಾಡಿದಾಗಲೆಲ್ಲ ‘ಶಾಭಾಷ್’ ಅನ್ನಬೇಕೆಂದು ಹೇಳಿಕೊಟ್ಟಿದ್ದರು. ನನಗೆ ಯಾರೂ ಅನ್ನದ ಮಾತನ್ನು ನಾನು ಓಣಿ ಓಣಿಯಲ್ಲಿ ಹಂಚುತ್ತ ನಡೆದೆ.

ಖಾತೂನ್‌ಬೀ ಹಳೆಯ ಸೀರೆ, ಲುಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುವವಳು. ಮಗ, ಸೊಸೆ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ಮೊಮ್ಮಗಳು ಗುಲ್ಷನ್ ಈಕೆಯ ಬಳಿ.

“ಏನ್ ಮಾರ್ತಿ ತಮ್ಮಾ?” ಅಂದಳು ನನ್ನ ಚೀಲ ನೋಡಿ.

“ಮಾರಾಂಗಿಲ್ಲಮ್ಮಾ. ನಿಮ್ಮ ಹುಡುಗಿ ಎಷ್ಟು ಶಾಣ್ಯಾಕಿ ಅಂತ ನೋಡಾಕ ಬಂದೀನಿ.”

“ನೋಡು, ನೋಡು. ಹೆಂಗರ ಮಾಡಿ ಬಾಲವಾಡಿಗೆ ಹಾಕ್ಕೊಳ್ರಿ. ಅದ್ಯಾಕ, ಇದ್ಯಾಕ ಅಂತ ನನ್ನ ತಲಿ ತಿಂತಾಳ. ನನಗೆಲ್ಲಿ ಗೊತ್ತಿರತದ ಅದೆಲ್ಲ?”

ಗುಲ್ಷನ್ ಮೊದಲ ಕಾರ್ಡನ್ನು ಸರಿಯಾಗಿ ಇಟ್ಟಳು. ನಾನು “ಶಾಭಾಷ್!” ಅಂದೆ. ಅಷ್ಟೇ. ಕೈ ಹಿಂದಕ್ಕೆಳೆದುಕೊಂಡು ಅಜ್ಜಿಯ ಮುಖ ನೋಡಿದವಳು ಮತ್ತೆ ಯಾವುದನ್ನೂ ಮುಟ್ಟಲಿಲ್ಲ.

“ಆತೇನು?” ಖಾತೂನ್‌ಬೀಯ ಸೂಜಿ ನಿಂತಿತು.

“ಇಲ್ಲಮ್ಮಾ. ಆಗಲಿಲ್ಲ.”

ಆಕೆ ಚಾ ಕಾಸಲು ಎದ್ದಳು. ಅಷ್ಟರಲ್ಲಿ ಗುಲ್ಷನ್ ಕೌದಿಯ ಬಳಿ ಕೂತು, ಖಾಲಿ ಉಳಿದ ಮೂಲೆಗೆ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ತಿರುಗಿಸಿ ಕೂಡಿಸಿದಳು. ಒಂದೇ ಬಣ್ಣ ಅಕ್ಕಪಕ್ಕ ಬರಲಿಲ್ಲ, ಎಲ್ಲೂ ಸಂದು ಉಳಿಯಲಿಲ್ಲ. ಚಾ ತಂದ ಅಜ್ಜಿ ಅದನ್ನು ನೋಡಿ, “ಥೂ ಹುಚ್ಚೀ! ಎಮ್ಮೀ!” ಅಂದಳು. ಮಗುವಿನ ಮುಖ ಅರಳಿತು.

“ಬೈತೀರ್ಯಾಕಮ್ಮಾ? ಸರೀನೇ ಇಟ್ಟಾಳಲ್ಲ.”

“ಸರಿ ಇಟ್ಟಾಳ, ಅದಕ್ಕೇ ಬೈದೆ. ಹೊಗಳಿದ್ರ ನಜರ್ ಆಗ್ತದ. ಇವರಪ್ಪ ಸಣ್ಣಾವಿದ್ದಾಗ ಓಣಿಯೆಲ್ಲ ಶಾಭಾಷ್ ಅಂತು. ಜ್ವರ ಬಂತು, ಒಂದು ಕಿವಿ ಹೋತು.”

ನಗಲು ನನಗೆ ಬಾಯಿರಲಿಲ್ಲ. ಕೆಟ್ಟ ದೃಷ್ಟಿ ತಾಗದಿರಲೆಂದು ನಮ್ಮವ್ವ ನನ್ನನ್ನು ತಿಪ್ಪೆಯಲ್ಲಿ ಉರುಳಿಸಿಯೇ ತಿಪ್ಪಣ್ಣ ಎಂದು ಹೆಸರಿಟ್ಟವಳು. ಇವತ್ತಿನವರೆಗೂ ಯಾರ ದೃಷ್ಟಿಯೂ ನನ್ನ ಮೇಲೆ ಬಿದ್ದಿಲ್ಲ.

ಮತ್ತೆ ಚೀಲ ಬಿಚ್ಚಿದೆ. ಒಂದು ಕಾರ್ಡಿಟ್ಟಳು, “ದಡ್ಡೀ” ಅಂದೆ. “ಜೋರಾಗಿ ಅನ್ನು,” ಅಂದಳು ಖಾತೂನ್‌ಬೀ. ಜೋರಾಗಿ ಅಂದೆ. ನಾಲ್ಕು ವರ್ಷದವರಿಗೆ ಕೊಟ್ಟ ಕಾರ್ಡು ಮುಗಿದವು, ಆರು ವರ್ಷದವರವನ್ನು ತೆಗೆದೆ, ಅವೂ ಮುಗಿದವು.

ಆದರೆ ಯಾರನ್ನು ಸೇರಿಸಿಕೊಳ್ಳಬೇಕೆಂಬ ಕೊನೆಯ ಮಾತು ಸಂಸ್ಥೆ ನಡೆಸುವ ಕನಕಮ್ಮ ಮೇಡಂ ಅವರದು. ಮರುವಾರ ಲಿಂಗಸುಗೂರಿನಿಂದ ಖುದ್ದು ಬಂದರು. ನಾನು ವಿಷಯ ಹೇಳಿದರೆ, “ಮಕ್ಕಳನ್ನ ಬೈಯೋದು ನಮ್ಮಲ್ಲಿಲ್ಲ, ತಿಪ್ಪಣ್ಣ,” ಅಂದರು. ಗುಲ್ಷನ್ ಒಂದು ತುಂಡಿಟ್ಟಳು. “ಶಾಭಾಷ್ ಪುಟ್ಟಿ!” ಕೈ ಹಿಂದಕ್ಕೆ ಹೋಯಿತು. ಆಗಲಿಲ್ಲ ಎಂದು ಬರೆಯಲು ಮೇಡಂ ಪೆನ್ನು ತೆಗೆದರು.

ಖಾತೂನ್‌ಬೀ ಸರಿದು ಹತ್ತಿರ ಕೂತಳು. “ಮೇಡಮ್ಮೋರ, ನಿಮ್ಮದು ನೀವು ಅನ್ರಿ. ಹಿಂದೇ ನಂದು ನಾ ಅಂತೀನಿ.”

“ಶಾಭಾಷ್.” “ಹುಚ್ಚೀ.” “ಭಾಳ ಛಲೋ.” “ಎಮ್ಮೀ.” ಬಾಗಿಲಲ್ಲಿ ನೆರೆದ ಹೆಂಗಸರು ಬಿದ್ದು ಬಿದ್ದು ನಕ್ಕರು. ತುಂಡುಗಳೆಲ್ಲ ಮುಗಿಸಿದ ಗುಲ್ಷನ್, “ಇನ್ನಾ ಕೊಡ್ರಿ,” ಅಂದಳು.

ಮೇಡಂ ಹೆಸರು ಬರೆದುಕೊಂಡರು. ಆಗ ಖಾತೂನ್‌ಬೀ ಮಗುವನ್ನು ಮಡಿಲಿಗೆಳೆದುಕೊಂಡಳು. “ಅಲ್ಲಿ ದಿನಾ ಹಿಂಗೇ ಹೊಗಳ್ತೀರೇನು?”

“ಹೊಗಳಬೇಕಲ್ಲಮ್ಮಾ.”

ಆಕೆ ಮಗುವಿನ ತಲೆಯ ಮೇಲೆ ಸೆರಗು ಹೊದಿಸಿದಳು. “ಬಾಗಲದಾಗ ನನಗೊಂದಿಷ್ಟು ಜಾಗ ಕೊಡ್ರಿ ಹಂಗಾರ. ಕೌದಿ ಅಲ್ಲೇ ಹೊಲೀತೀನಿ.”

ಕೊಟ್ಟರು. ಸ್ವಲ್ಪ ದಿನಕ್ಕೆ ಆಕೆ ಎಲ್ಲ ಮಕ್ಕಳನ್ನೂ ಬೈಯತೊಡಗಿದಳು. ಅವರಿಗೂ ನಜರ್ ಆಗಬಾರದಲ್ಲ. ಒಂದು ಸಂಜೆ ಮಾರೆಮ್ಮ ಎಂಬ ತಾಯಿ ಮಗನ ಕೈ ಹಿಡಿದು ಸಿಟ್ಟಿನಿಂದ ಬಂದಳು.

“ಏನ್ ಖಾತೂನವ್ವಾ, ನನ್ ಮಗಗ ಇವತ್ತ ಒಂದ್ ಮಾತೂ ಬೈದಿಲ್ಲಂತ? ಅವನೇನ್ ಪಾಪ ಮಾಡ್ಯಾನ?”